ಮತ್ತೆ ಯಾವಾಗ ಸೈಕಲ್ ಹತ್ತೋದು? ಕ್ರಿಸ್ಟಿನಾ ಫೋಗೆಲ್ ಬಿದ್ದ ಮೇಲೆ ಅಭಿಮಾನಿಗಳ ಹತ್ತು ವಾರ

ಟ್ರ್ಯಾಕ್ ಸೈಕಲ್ಲಿಗೆ ಬ್ರೇಕ್ ಇರುವುದಿಲ್ಲ. ಗೇರೂ ಒಂದೇ. ಚಕ್ರ ತಿರುಗುವಷ್ಟು ಹೊತ್ತು ಪೆಡಲ್ಲೂ ತಿರುಗುತ್ತಲೇ ಇರುತ್ತದೆ. ಕಾಲು ನಿಲ್ಲಿಸಿಕೊಂಡು ಸುಮ್ನೆ ಉರುಳಿ ಹೋಗೋಣ ಅಂದರೆ ಆಗುವುದಿಲ್ಲ. ಊರಲ್ಲಿ ಅಟ್ಲಾಸ್, ಹೀರೊ ಸೈಕಲ್ ತುಳಿದು ಬೆಳೆದ ನಮಗೆ ಇದು ಮೊದಲಿಗೆ ಹುಚ್ಚಾಟದಂತೆ ಕಾಣುತ್ತದೆ. ಆದರೆ ಅಲ್ಲಿನ ಲೆಕ್ಕವೇ ಬೇರೆ. ಅಂಡಾಕಾರದ ಟ್ರ್ಯಾಕಿನ ಸುತ್ತ ಎಲ್ಲರೂ ಒಂದೇ ದಿಕ್ಕಿಗೆ ಹೋಗುವ ಜಾಗ ಅದು. ಮುಂದಿನವರು ಥಟ್ಟನೆ ಬ್ರೇಕ್ ಒತ್ತುತ್ತಾರೆ ಅನ್ನುವ ಭಯ ಹಿಂದಿನವರಿಗೆ ಇರಬಾರದು. ಹಾಗಾಗಿ ಬ್ರೇಕ್ ಇಲ್ಲದಿರುವುದೇ ಕ್ಷೇಮ.

2018ರ ಜೂನ್ 26ರಂದು ಆ ಲೆಕ್ಕ ತಪ್ಪಿತು.

ಜರ್ಮನಿಯ ಪೂರ್ವದ ಕಾಟ್‌ಬುಸ್ ಊರಿನ ಕಾಂಕ್ರೀಟ್ ಟ್ರ್ಯಾಕ್. ಸ್ಪರ್ಧೆ ಇರಲಿಲ್ಲ, ಬರೀ ಪ್ರ್ಯಾಕ್ಟೀಸು. ಜರ್ಮನಿಯ ಒಲಿಂಪಿಕ್ ಚಿನ್ನದ ಟ್ರ್ಯಾಕ್ ಸವಾರೆ ಕ್ರಿಸ್ಟಿನಾ ಫೋಗೆಲ್ ಗಂಟೆಗೆ ಸುಮಾರು 60 ಕಿಲೋಮೀಟರ್ ವೇಗದಲ್ಲಿದ್ದರು. ನೆದರ್ಲೆಂಡ್ಸಿನಿಂದ ಬಂದಿದ್ದ ಒಬ್ಬ ಯುವ ಸವಾರ ಅದೇ ಟ್ರ್ಯಾಕಿನಲ್ಲಿ ನಿಂತ ಜಾಗದಿಂದ ಹೊರಡುವ ಸ್ಟಾರ್ಟ್ ಪ್ರ್ಯಾಕ್ಟೀಸ್ ಮಾಡುತ್ತಿದ್ದ. ಡಿಕ್ಕಿಯಾಯಿತು. ಕ್ರಿಸ್ಟಿನಾ ಅವರ ಬೆನ್ನುಹುರಿ ಎದೆಭಾಗದ ಏಳನೇ ಮೂಳೆಯ ಹತ್ತಿರ ತುಂಡಾಯಿತು. ಆಗ ಅವರಿಗೆ 27 ವರ್ಷ.

ಆ ಅಪಘಾತಕ್ಕಿಂತ ಆಮೇಲಿನ ಹತ್ತು ವಾರ ನನ್ನನ್ನು ಜಾಸ್ತಿ ಕಾಡಿದೆ. ನಾನು ಟ್ರ್ಯಾಕ್ ಸೈಕ್ಲಿಂಗ್ ನೋಡುವ ಹುಚ್ಚಿನವನು. ವಿಜಯಪುರ, ಬಾಗಲಕೋಟೆ ಕಡೆಯವರನ್ನು ಬಿಟ್ಟರೆ ನಮ್ಮಲ್ಲಿ ಈ ಆಟದ ಬಗ್ಗೆ ಮಾತಾಡಲು ಜನ ಸಿಗುವುದೇ ಕಷ್ಟ. ಕ್ರಿಸ್ಟಿನಾ ಬಿದ್ದ ಸುದ್ದಿ ಕೇಳಿದಾಗ ನನ್ನ ತಲೆಗೆ ಮೊದಲು ಬಂದದ್ದು ‘ಅಯ್ಯೋ ಪಾಪ’ ಅಲ್ಲ. ‘ಟೋಕಿಯೊ ಒಲಿಂಪಿಕ್ಸ್ ಹೊತ್ತಿಗೆ ಸರಿಹೋಗ್ತಾರಾ?’ ಇದನ್ನು ಹೇಳಿಕೊಳ್ಳಲು ಈಗ ನಾಚಿಕೆ. ಆದರೆ ಈ ಪ್ರಕರಣ ಅರ್ಥವಾಗಬೇಕಾದರೆ ಆ ನಾಚಿಕೆಯಿಂದಲೇ ಶುರು ಮಾಡಬೇಕು.

ಯಾರು ಈಕೆ

ಕ್ರಿಸ್ಟಿನಾ ಹುಟ್ಟಿದ್ದು 1990ರಲ್ಲಿ, ಆಗ ಸೋವಿಯತ್ ಒಕ್ಕೂಟದಲ್ಲಿದ್ದ ಕಿರ್ಗಿಜ್‌ಸ್ತಾನದಲ್ಲಿ. ಕೈಗೂಸಾಗಿದ್ದಾಗಲೇ ಮನೆಯವರು ಜರ್ಮನಿಗೆ ಬಂದರು. ಎರ್ಫರ್ಟ್ ಅವರ ಊರಾಯಿತು. ಫೆಡರಲ್ ಪೊಲೀಸ್‌ನಲ್ಲಿ ನೌಕರಿ. ಅಲ್ಲಿ ಎಷ್ಟೋ ಕ್ರೀಡಾಪಟುಗಳಿಗೆ ಪೊಲೀಸ್, ಸೇನೆಯ ಕೆಲಸವೇ ಆಧಾರ. ನಮ್ಮಲ್ಲಿ ರೈಲ್ವೆ ಇರುವ ಹಾಗೆ.

2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಮಿರಿಯಮ್ ವೆಲ್ಟೆ ಜೊತೆ ಟೀಮ್ ಸ್ಪ್ರಿಂಟ್ ಚಿನ್ನ. ಆಗ ಅದು ಇಬ್ಬರ ತಂಡದ ರೇಸು, ಮೊದಲ ಸುತ್ತಿಗೆ ಒಬ್ಬರು ಮುಂದೆ, ಎರಡನೆಯದಕ್ಕೆ ಇನ್ನೊಬ್ಬರು. ಅದೂ ವಿಚಿತ್ರ ಚಿನ್ನ. ಫೈನಲ್‌ನಲ್ಲಿ ಮೊದಲು ಗೆರೆ ದಾಟಿದ್ದು ಚೀನಾದವರು. ಜಾಗ ಬದಲಾಯಿಸುವಾಗ ಅವರು ನಿಯಮ ತಪ್ಪಿದ್ದರಿಂದ ಚಿನ್ನ ಜರ್ಮನಿಗೆ ಬಂತು. 2016ರ ರಿಯೊದಲ್ಲಿ ಯಾರ ಹಂಗೂ ಇರಲಿಲ್ಲ. ಇಬ್ಬರೇ ಮುಖಾಮುಖಿಯಾಗುವ ಸ್ಪ್ರಿಂಟ್ ಫೈನಲ್‌ನಲ್ಲಿ ಬ್ರಿಟನ್ನಿನ ಬೆಕಿ ಜೇಮ್ಸ್ ಅವರನ್ನು ಸತತ ಎರಡು ರೇಸಿನಲ್ಲಿ ಸೋಲಿಸಿದರು. ಎರಡನೇ ರೇಸಿನ ಕೊನೆಯಲ್ಲಿ ಗೆರೆಯ ಹತ್ತಿರ ಸೈಕಲ್ಲಿನ ಸೀಟೇ ಕಿತ್ತು ಬಂತು! ಅಷ್ಟು ವೇಗ, ಬ್ರೇಕ್ ಇಲ್ಲ, ಕೂರಲು ಸೀಟೂ ಇಲ್ಲ. ಆದರೂ ಬೀಳಲಿಲ್ಲ. ಆ ವಿಡಿಯೊ ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ.

ಅದರ ಮೇಲೆ 11 ವಿಶ್ವ ಚಾಂಪಿಯನ್ ಪಟ್ಟ. ಕೊನೆಯ ಎರಡು ಬಂದದ್ದು 2018ರ ಫೆಬ್ರವರಿ ಕೊನೆ, ಮಾರ್ಚ್ ಮೊದಲಲ್ಲಿ, ನೆದರ್ಲೆಂಡ್ಸಿನ ಆಪಲ್‌ಡೂರ್ನ್‌ನಲ್ಲಿ. ಅಲ್ಲಿಗೆ ಆಸ್ಟ್ರೇಲಿಯಾದ ಆನಾ ಮೀರ್ಸ್ ದಾಖಲೆಗೆ ಸಮ. ಇನ್ನೊಂದು ಗೆದ್ದರೆ ದಾಖಲೆ ಇವರೊಬ್ಬರದ್ದೇ. ‘ಇನ್ನೊಂದು, ಇನ್ನೊಂದೇ ಒಂದು’ ಅಂತ ಕಾಯುತ್ತಿದ್ದವರ ಕಣ್ಣೆದುರು ಜೂನ್ ತಿಂಗಳ ಸುದ್ದಿ ಬಂತು.

2009ರ ನೆರಳು

ಒಂದು ಹಳೇ ಕತೆ ಗೊತ್ತಿಲ್ಲದಿದ್ದರೆ ಅಭಿಮಾನಿಗಳು ಯಾಕೆ ಹಾಗೆ ನಡೆದುಕೊಂಡರು ಅನ್ನುವುದು ತಿಳಿಯುವುದಿಲ್ಲ.

2009ರಲ್ಲಿ ಕ್ರಿಸ್ಟಿನಾ ಎರ್ಫರ್ಟ್ ಬಳಿ ರಸ್ತೆಯಲ್ಲಿ ಪ್ರ್ಯಾಕ್ಟೀಸ್ ಮಾಡುತ್ತಿದ್ದಾಗ ಮಿನಿಬಸ್ಸೊಂದು ಅಡ್ಡ ಬಂದು ದೊಡ್ಡ ಅಪಘಾತವಾಗಿತ್ತು. ಎರಡು ದಿನ ಕೋಮಾ. ಮುಖಕ್ಕೆ ಪೆಟ್ಟು, ಮೂಳೆ ಮುರಿತ, ಹಲ್ಲುಗಳೂ ಹೋದವು. ಆಗ ಅವರಿಗೆ 18 ವರ್ಷ. ಮುಗಿಯಿತು ಅಂದುಕೊಂಡವರೇ ಜಾಸ್ತಿ. ಆದರೆ ಮೂರೇ ವರ್ಷದಲ್ಲಿ ಒಲಿಂಪಿಕ್ ಚಿನ್ನ.

ಆಮೇಲೆ ಅವರ ಬಗ್ಗೆ ಏನೇ ಬರೆದರೂ ಈ ಕತೆ ಇರಲೇಬೇಕು. ಗೆದ್ದಾಗೆಲ್ಲ ಕೋಮಾ, ಚಿನ್ನ, ಕೋಮಾ, ಚಿನ್ನ. ಅಭಿಮಾನಿಗಳ ಮನಸ್ಸಿನಲ್ಲಿ ಒಂದು ಅಚ್ಚು ತಯಾರಾಗಿ ಕೂತಿತ್ತು: ಕ್ರಿಸ್ಟಿನಾ ಬೀಳುತ್ತಾರೆ, ಏಳುತ್ತಾರೆ, ಗೆಲ್ಲುತ್ತಾರೆ. 2018ರಲ್ಲಿ ಬಿದ್ದಾಗ ನಾವೆಲ್ಲ ಆ ಅಚ್ಚಿಗೇ ಹಿಟ್ಟು ಒತ್ತಿದೆವು.

ಮೂಳೆಗೂ ಹುರಿಗೂ ಇರುವ ವ್ಯತ್ಯಾಸ ಯಾರ ತಲೆಗೂ ಹೊಳೆಯಲಿಲ್ಲ. ಮುರಿದ ಮೂಳೆ ಕೂಡಿಕೊಳ್ಳುತ್ತದೆ. ಬೆನ್ನುಮೂಳೆಯ ಒಳಗೆ ಹಾದುಹೋಗುವ ಬೆನ್ನುಹುರಿ ಪೂರ್ತಿ ತುಂಡಾದರೆ ಕೂಡಿಕೊಳ್ಳುವುದಿಲ್ಲ. ಇವತ್ತಿಗೂ ಅದಕ್ಕೆ ಚಿಕಿತ್ಸೆ ಇಲ್ಲ. ಎದೆಯ ಏಳನೇ ಮೂಳೆ ಅಂದರೆ ಎದೆಗೂಡಿನ ನಡುಭಾಗ. ಕೈಗಳಿಗೆ ಏನೂ ಆಗುವುದಿಲ್ಲ. ಅಲ್ಲಿಂದ ಕೆಳಗೆ ಮುಟ್ಟಿದರೆ ಗೊತ್ತಾಗುವುದಿಲ್ಲ. ಹೊಟ್ಟೆ, ಸೊಂಟದ ಸ್ನಾಯುಗಳೂ ಕೈಕೊಡುವುದರಿಂದ ಬೀಳದೆ ನೆಟ್ಟಗೆ ಕೂರುವುದನ್ನೇ ಹೊಸದಾಗಿ ಕಲಿಯಬೇಕು. ಮೂತ್ರ, ಮಲದ ಹಿಡಿತವೂ ಹೋಗುತ್ತದೆ. ಟೋಕಿಯೊ ಬಗ್ಗೆ ಯೋಚಿಸುತ್ತಿದ್ದ ನಾನು ಇದ್ಯಾವುದನ್ನೂ ಯೋಚಿಸಿರಲಿಲ್ಲ. ಯಾವ ಅಭಿಮಾನಿ ಯೋಚಿಸುತ್ತಾನೆ?

ಬಾಯಿ ಮುಚ್ಚಿಕೊಂಡ ಹತ್ತು ವಾರ

ಅಪಘಾತವಾದ ಮಾರನೇ ದಿನ, ಜೂನ್ 27ರಂದು, ಕಜಾನ್‌ನಲ್ಲಿ ಜರ್ಮನಿಯ ಫುಟ್‌ಬಾಲ್ ತಂಡ ದಕ್ಷಿಣ ಕೊರಿಯಾ ಎದುರು 2–0ರಲ್ಲಿ ಸೋತು ವಿಶ್ವಕಪ್‌ನಿಂದ ಹೊರಬಿತ್ತು. ಇಡೀ ದೇಶ ಅದರ ದುಃಖದಲ್ಲಿ ಮುಳುಗಿತು. ಟ್ರ್ಯಾಕ್ ಸೈಕ್ಲಿಂಗ್ ಮೊದಲೇ ನಾಲ್ಕು ವರ್ಷಕ್ಕೊಮ್ಮೆ ನೆನಪಾಗುವ ಆಟ. ಈ ಗದ್ದಲದ ನಡುವೆ ಕ್ರಿಸ್ಟಿನಾ ಸುದ್ದಿಯ ಹಿಂದೆ ಬಿದ್ದವರು ನಿಜವಾದ ಅಭಿಮಾನಿಗಳು ಮಾತ್ರ.

ಅವರಿಗೆ ಸಿಕ್ಕಿದ್ದು ಒಂದೋ ಎರಡೋ ಸಾಲು. ಬರ್ಲಿನ್ ಆಸ್ಪತ್ರೆಗೆ ಸಾಗಿಸಿದ್ದಾರೆ, ಆಪರೇಷನ್ ಆಗಿದೆ, ಬೆನ್ನುಮೂಳೆಗೆ ಗಂಭೀರ ಪೆಟ್ಟು. ಅಷ್ಟೇ. ಆಮೇಲೆ ಬಾಗಿಲು ಮುಚ್ಚಿತು. ಜುಲೈ ಹೋಯಿತು. ಆಗಸ್ಟ್‌ನಲ್ಲಿ ಗ್ಲಾಸ್ಗೋದಲ್ಲಿ ಯುರೋಪಿಯನ್ ಚಾಂಪಿಯನ್‌ಶಿಪ್ ಬಂತು, ಮುಗಿಯಿತು. ಕ್ರಿಸ್ಟಿನಾ ಹೇಗಿದ್ದಾರೆ ಅನ್ನುವುದಕ್ಕೆ ಉತ್ತರವಿಲ್ಲ.

ಆ ಮೌನ ಸರಿಯಾಗಿಯೇ ಇತ್ತು ಅನ್ನುವುದು ನನ್ನ ಅಭಿಪ್ರಾಯ. ಬೆನ್ನುಹುರಿಗೆ ಪೆಟ್ಟಾದ ಮೊದಲ ದಿನಗಳಲ್ಲಿ ಬಾವು ಇರುತ್ತದೆ, ನರಗಳು ಮರಗಟ್ಟಿರುತ್ತವೆ. ಏನು ವಾಪಸ್ ಬರುತ್ತದೆ, ಏನು ಬರುವುದಿಲ್ಲ ಅಂತ ಹೇಳಲು ಡಾಕ್ಟರುಗಳೇ ಕಾಯಬೇಕಾಗುತ್ತದೆ. ಗಾಯವಾದವರಿಗೂ ತನ್ನ ಮೈಯಲ್ಲಿ ಏನು ಉಳಿದಿದೆ ಅಂತ ತಿಳಿಯಲು ಸಮಯ ಬೇಕು. ಅವರಿಗಿಂತ ಮೊದಲು ನಮಗೆ ತಿಳಿಯಬೇಕು ಅನ್ನುವುದು ಯಾವ ನ್ಯಾಯ?

ಆದರೆ ಮೌನದಲ್ಲಿ ಕೂತ ಅಭಿಮಾನಿಗೆ ಹಾಗನ್ನಿಸುವುದಿಲ್ಲ. ಸುದ್ದಿ ಇಲ್ಲದಿದ್ದರೆ ಮನಸ್ಸು ತನಗೆ ಬೇಕಾದ ಸುದ್ದಿ ಹೊಲಿದುಕೊಳ್ಳುತ್ತದೆ. ‘ಕೆಟ್ಟದ್ದಾಗಿದ್ದರೆ ಇಷ್ಟರಲ್ಲಿ ಹೇಳುತ್ತಿದ್ದರು’ ಅಂತ ನಾನು ಸಮಾಧಾನ ಮಾಡಿಕೊಂಡೆ. ಇನ್ನೊಂದು ದಿನ, ‘ಒಳ್ಳೆಯದಾಗಿದ್ದರೆ ಇಷ್ಟರಲ್ಲಿ ಹೇಳುತ್ತಿದ್ದರು’ ಅನ್ನಿಸಿತು. ಎರಡಕ್ಕೂ ಆಧಾರ ಒಂದೇ, ಏನೂ ಇಲ್ಲ. ತಪ್ಪು ಯಾರದ್ದು ಅನ್ನುವ ಪ್ರಶ್ನೆಯೂ ತಲೆ ಎತ್ತಿತು. ಆಚೆ ಬದಿಯಲ್ಲಿದ್ದವನು ಇನ್ನೂ ಹದಿಹರೆಯದ ಹುಡುಗ ಅನ್ನುವುದು ನೆನಪಾದ ಮೇಲೆ ನಾನಂತೂ ಆ ದಾರಿ ಹಿಡಿಯಲಿಲ್ಲ. ಟ್ರ್ಯಾಕಿನಲ್ಲಿ ಯಾರು ಎಲ್ಲಿ ನೋಡುತ್ತಿದ್ದರು ಅಂತ ಮನೆಯಲ್ಲಿ ಕೂತು ತೀರ್ಪು ಕೊಡುವುದು ಅಭಿಮಾನಿಯ ಕೆಲಸ ಅಲ್ಲ.

ದುಡ್ಡಿನ ಮಾತು

ಈ ಹತ್ತು ವಾರದಲ್ಲಿ ‘ಸ್ಟೇ ಸ್ಟ್ರಾಂಗ್ ಕ್ರಿಸ್ಟಿನಾ’ ಅನ್ನುವ ಹ್ಯಾಷ್‌ಟ್ಯಾಗ್ ಹರಡಿತು. ಅದರ ಜೊತೆಗೇ ಸಹ ಸವಾರರು, ಹತ್ತಿರದವರು ಸೇರಿ ಚಂದಾ ಎತ್ತಲು ನಿಂತರು. ಸೆಪ್ಟೆಂಬರ್ ಹೊತ್ತಿಗೆ ಕೂಡಿದ ಹಣ ಸುಮಾರು 1,20,000 ಯೂರೋ. ಫುಟ್‌ಬಾಲ್ ಆಟಗಾರನಿಗಾದರೆ ಇದು ಯಾವ ಲೆಕ್ಕವೂ ಅಲ್ಲ. ಟ್ರ್ಯಾಕ್ ಸೈಕ್ಲಿಂಗ್‌ನಂಥ ಸಣ್ಣ ಆಟಕ್ಕೆ ಇದು ದೊಡ್ಡ ಮೊತ್ತ.

ಸರ್ಕಾರಿ ನೌಕರಿ ಇದೆ, ಜರ್ಮನಿಯಲ್ಲಿ ಆರೋಗ್ಯ ವಿಮೆ ಗಟ್ಟಿಯಾಗಿದೆ, ಮತ್ತೆ ಚಂದಾ ಯಾಕೆ ಅಂತ ನನಗೂ ಮೊದಲು ಅನ್ನಿಸಿತು. ಒಬ್ಬ ಗೆಳೆಯನ ಮನೆಯಲ್ಲಿ ಗಾಲಿಕುರ್ಚಿ ಬಂದಾಗ ಬುದ್ಧಿ ಬಂತು. ಅವನ ತಂದೆಗೆ ಸ್ಟ್ರೋಕ್ ಆಗಿತ್ತು. ಆಸ್ಪತ್ರೆ ಬಿಲ್ಲಿಗೆ ವಿಮೆ ಇತ್ತು. ಆದರೆ ಮನೆಯ ಹೊಸ್ತಿಲು? ಬಚ್ಚಲಮನೆ ಬಾಗಿಲು ಕುರ್ಚಿಗಿಂತ ಎರಡು ಇಂಚು ಕಿರಿದು. ಗಾರೆಯವನನ್ನು ಕರೆಸಿ ಗೋಡೆ ಒಡೆಸಿದರು. ಮುಂಬಾಗಿಲಿಗೆ ಹಾಕಿಸಿದ ರ‍್ಯಾಂಪ್ ಕಡಿದಾಗಿ ಮತ್ತೆ ಕಿತ್ತು ಹಾಕಿಸಿದರು. ಎಷ್ಟು ಖರ್ಚಾಯಿತು ಅಂತ ಅವನು ಇವತ್ತಿಗೂ ಸರಿಯಾಗಿ ಹೇಳುವುದಿಲ್ಲ. ಇನ್ನು ಕೈಯಿಂದಲೇ ಆಕ್ಸಿಲರೇಟರ್, ಬ್ರೇಕ್ ನಡೆಸುವ ಕಾರು ಬೇಕು ಅಂದರೆ ಕೇಳುವುದೇ ಬೇಡ.

ಅಭಿಮಾನಿಗಳು ಮಾಡಿದ್ದರಲ್ಲಿ ಈ ಚಂದಾ ಎಲ್ಲಕ್ಕಿಂತ ಒಳ್ಳೆಯ ಕೆಲಸ ಅನ್ನುತ್ತೇನೆ. ಯಾಕೆಂದರೆ ದುಡ್ಡು ಏನನ್ನೂ ವಾಪಸ್ ಕೇಳಲಿಲ್ಲ. ‘ಧೈರ್ಯವಾಗಿರು’ ಅನ್ನುವ ಮಾತು ಹಾಗಲ್ಲ. ಅದು ಕೇಳುತ್ತದೆ. ನಮ್ಮಲ್ಲಿ ಆಸ್ಪತ್ರೆಗೆ ನೋಡಲು ಹೋದವರು ಮೂಸಂಬಿ, ಬ್ರೆಡ್ ಇಟ್ಟು, ಮಂಚದ ಪಕ್ಕ ನಿಂತು, ‘ಏನೂ ಆಗಲ್ಲ ಬಿಡಿ, ಮುಂದಿನ ತಿಂಗಳು ಓಡಾಡ್ತೀರಿ’ ಅನ್ನುತ್ತಾರಲ್ಲ. ಮಲಗಿದವರು ಆಗ ನಗಬೇಕು. ನೋಡಲು ಬಂದವರಿಗೇ ಸಮಾಧಾನ ಹೇಳಿ ಕಳಿಸಬೇಕು. ಹ್ಯಾಷ್‌ಟ್ಯಾಗ್ ಅಂದರೆ ಸಾವಿರಾರು ಜನ ಒಟ್ಟಿಗೆ ಮಂಚದ ಪಕ್ಕ ನಿಂತ ಹಾಗೆ.

ಶೂ

ಸೆಪ್ಟೆಂಬರ್ ಮೊದಲ ವಾರ ಕಳೆಯುವಾಗ ಮೌನ ಮುರಿಯಿತು. ಜರ್ಮನಿಯ ‘ಡೇರ್ ಷ್ಪೀಗೆಲ್’ ಪತ್ರಿಕೆಗೆ ಕ್ರಿಸ್ಟಿನಾ ಸಂದರ್ಶನ ಕೊಟ್ಟರು. ಸೆಪ್ಟೆಂಬರ್ 12ರಂದು ಬರ್ಲಿನ್ ಆಸ್ಪತ್ರೆಯಲ್ಲಿ ಗಾಲಿಕುರ್ಚಿಯಲ್ಲಿ ಕೂತು ಪತ್ರಕರ್ತರ ಎದುರೂ ಬಂದರು.

ಸಂದರ್ಶನದಲ್ಲಿ ಸುತ್ತಿ ಬಳಸಿ ಮಾತಾಡಲಿಲ್ಲ. ಇನ್ನು ನಡೆಯಲು ಆಗುವುದಿಲ್ಲ ಅಂತ ನೇರವಾಗಿ ಹೇಳಿದರು. ಆಗಿದ್ದನ್ನು ವರ್ಣಿಸಲು ಜರ್ಮನ್ ಭಾಷೆಯ ಒಂದು ಹಸಿ ಬೈಗುಳವನ್ನೇ ಬಳಸಿದರು. ಹೊಸ ಸ್ಥಿತಿಯನ್ನು ಎಷ್ಟು ಬೇಗ ಒಪ್ಪಿಕೊಂಡರೆ ಅಷ್ಟು ಚೆನ್ನಾಗಿ ನಿಭಾಯಿಸಬಹುದು ಅನ್ನುವುದು ಅವರ ಮಾತು.

ಅದರಲ್ಲಿ ಅವರು ಹೇಳಿದ ಒಂದು ಸಣ್ಣ ಸಂಗತಿ ನನ್ನ ತಲೆಯಿಂದ ಹೋಗಿಲ್ಲ. ಬಿದ್ದು ಟ್ರ್ಯಾಕ್ ಮೇಲೆ ಮಲಗಿದ್ದಾಗ ಯಾರೋ ಅವರ ಶೂಗಳನ್ನು ಎತ್ತಿಕೊಂಡು ಹೋಗುವುದು ಕಣ್ಣಿಗೆ ಬಿತ್ತು. ಟ್ರ್ಯಾಕ್ ಸವಾರರ ಶೂ ಎಷ್ಟು ಬಿಗಿ ಅಂದರೆ ಕಾಲಿಗೆ ಅಂಟಿಸಿದ ಹಾಗಿರುತ್ತದೆ. ಸ್ಪ್ರಿಂಟ್‌ನಲ್ಲಿ ಪೆಡಲ್ಲಿನಿಂದ ಕಾಲು ಕಿತ್ತು ಬರಬಾರದು ಅಂತ ಮೇಲೆ ಇನ್ನೂ ಪಟ್ಟಿ ಬಿಗಿಯುತ್ತಾರೆ. ಅಂಥ ಶೂ ಕಾಲಿನಿಂದ ಕಳಚಿದ್ದೇ ಅವರಿಗೆ ಗೊತ್ತಾಗಿರಲಿಲ್ಲ. ನಡೆಯುವುದು ಇನ್ನು ಮುಗಿಯಿತು ಅಂತ ಆಗಲೇ ತಿಳಿಯಿತಂತೆ.

ಅಂದರೆ ನೋಡಿ. ನಾವು ಹತ್ತು ವಾರ ಕಾದ ಉತ್ತರ ಅವರಿಗೆ ಮೊದಲ ಕೆಲವು ನಿಮಿಷಗಳಲ್ಲೇ ಸಿಕ್ಕಿತ್ತು. ನಾವು ‘ವಾಪಸ್ ಬನ್ನಿ’ ಅನ್ನುತ್ತಿದ್ದ ದಿನಗಳಲ್ಲಿ ಅವರು ಎದ್ದು ಕೂರುವುದನ್ನು ಕಲಿಯುತ್ತಿದ್ದರು.

ಅಚ್ಚು ಬದಲಾಯಿತು, ಹಿಟ್ಟು ಅದೇ

ಸುದ್ದಿ ಖಚಿತವಾದ ಮೇಲೆ ಅಭಿಮಾನಿಗಳ ರಾಗ ಬದಲಾಯಿತು. ‘ವಾಪಸ್ ಬನ್ನಿ’ ಹೋಗಿ ‘ನೀವೇ ನಮಗೆ ಸ್ಫೂರ್ತಿ’ ಬಂತು. ಹಿಂದೆಯೇ ಪ್ಯಾರಾಲಿಂಪಿಕ್ಸ್ ಪ್ರಶ್ನೆ. ಕೈಯಿಂದ ತುಳಿಯುವ ಸೈಕಲ್ ಇದೆಯಲ್ಲ, ಅದರಲ್ಲಿ ಯಾವಾಗ ಚಿನ್ನ? ಸೈಕಲ್ ಬದಲಾದರೂ ಕೇಳುವುದು ಮಾತ್ರ ಚಿನ್ನವನ್ನೇ! ಕ್ರಿಸ್ಟಿನಾ ಆ ದಾರಿ ಹಿಡಿಯಲಿಲ್ಲ. ಗೆಲ್ಲಲೇಬೇಕು ಅನ್ನುವ ಹೊರೆ ಇಳಿದು ಒಂದು ಥರ ಬಿಡುಗಡೆ ಆಗಿದೆ ಅನ್ನುವ ಅರ್ಥದ ಮಾತನ್ನೂ ಆಡಿದರು. ಇದನ್ನು ಓದಿ ನನಗೆ ಒಂದು ಕ್ಷಣ ಬೇಜಾರೇ ಆಯಿತು. 12ನೇ ಪಟ್ಟಕ್ಕಾಗಿ ನಾನು ಕಾಯುತ್ತಿದ್ದೆ, ಅವರಿಗೆ ಅದು ಹೊರೆಯಾಗಿತ್ತು. ಅದು ನನ್ನ ಆಸೆಯ ಹೊರೆಯೂ ಹೌದು, ಅಲ್ವಾ?

ಹಾಗಂತ ಅಭಿಮಾನಿಯ ದುಃಖ ಸುಳ್ಳು ಅಂತ ನಾನು ಒಪ್ಪುವುದಿಲ್ಲ. ಹತ್ತು ವರ್ಷ ಒಬ್ಬರ ಆಟ ನೋಡಿದ ಮೇಲೆ ಅದು ನಿಂತರೆ ನಮ್ಮ ಮನೆಯಲ್ಲೂ ಒಂದು ದೀಪ ಆರಿದ ಹಾಗೇ. ಅಳಬಹುದು. ಆ ಅಳುವನ್ನು ಅವರ ಮಂಚದ ಹತ್ತಿರ ಒಯ್ಯಬಾರದು, ಅಷ್ಟೇ ನನ್ನ ತಕರಾರು. ಗೆಳೆಯರ ಹತ್ತಿರ ಅಳಿ, ಹಳೇ ವಿಡಿಯೊ ನೋಡಿ ಅಳಿ.

ಹಿಂದಿನವರು ಇದನ್ನು ಬೇರೆ ಥರ ಮಾಡುತ್ತಿದ್ದರು. 1960ರ ಟೂರ್ ಡಿ ಫ್ರಾನ್ಸ್‌ನಲ್ಲಿ ರೋಜೆ ರಿವಿಯೇರ್ ಅನ್ನುವ 24 ವರ್ಷದ ಫ್ರೆಂಚ್ ಸವಾರ ಪೆರ್ಜುರೆ ಘಟ್ಟ ಇಳಿಯುವಾಗ ಕಮರಿಗೆ ಬಿದ್ದು ಬೆನ್ನು ಮುರಿದುಕೊಂಡ. ಒಂದು ಗಂಟೆಯಲ್ಲಿ ಅತಿ ಹೆಚ್ಚು ದೂರ ತುಳಿದ ದಾಖಲೆ ಅವನ ಹೆಸರಲ್ಲಿತ್ತು, 47 ಕಿಲೋಮೀಟರಿಗೂ ಜಾಸ್ತಿ. ಮತ್ತೆ ಸ್ಪರ್ಧಿಸಲಿಲ್ಲ. 40ಕ್ಕೆ ತೀರಿಕೊಂಡ. ಅವನು ಬಿದ್ದ ಆ ಘಟ್ಟದ ರಸ್ತೆ ಬದಿಯಲ್ಲಿ ಒಂದು ಕಲ್ಲು ನಿಲ್ಲಿಸಿದ್ದಾರೆ. ನಮ್ಮ ಊರುಗಳ ವೀರಗಲ್ಲಿನ ಹಾಗೆ. ಕಲ್ಲಿಗೆ ಒಂದು ಗುಣವಿದೆ, ಅದು ಯಾರನ್ನೂ ‘ಹೇಗಿದ್ದೀರಿ, ಯಾವಾಗ ಬರ್ತೀರಿ’ ಅಂತ ಕೇಳುವುದಿಲ್ಲ.

ಆಮೇಲೆ

ಸುಮಾರು ಆರು ತಿಂಗಳು ಆಸ್ಪತ್ರೆಯಲ್ಲಿ ಕಳೆದು ಕ್ರಿಸ್ಟಿನಾ ಮನೆಗೆ ಬಂದರು. 2019ರ ಮೇ ತಿಂಗಳಲ್ಲಿ ಎರ್ಫರ್ಟ್ ನಗರಸಭೆಗೆ ಜರ್ಮನಿಯ ದೊಡ್ಡ ಪಕ್ಷಗಳಲ್ಲೊಂದಾದ ಸಿಡಿಯು ಪಕ್ಷದಿಂದ ಆಯ್ಕೆಯಾದರು. ಎರ್ಫರ್ಟ್ ಹಳೇ ಊರು. ನಡು ಊರಿನ ಬೀದಿಗಳೆಲ್ಲ ಕಲ್ಲುಹಾಸು. ಪ್ರವಾಸಿಗಳು ಫೋಟೊ ತೆಗೆಯಲು ನಿಲ್ಲುವ ಆ ಕಲ್ಲುಗಳ ಮೇಲೆ ಗಾಲಿಕುರ್ಚಿಯ ಪುಟ್ಟ ಮುಂಗಾಲಿ ಹೇಗೆ ಸಿಕ್ಕಿಕೊಳ್ಳುತ್ತದೆ ಅನ್ನುವುದು ಕೂತು ಹೋದವರಿಗೇ ಗೊತ್ತು. ಟೋಕಿಯೊ ಒಲಿಂಪಿಕ್ಸ್ ವೇಳೆ ಜರ್ಮನಿಯ ಜೆಡ್‌ಡಿಎಫ್ ಟಿವಿಯಲ್ಲಿ ಟ್ರ್ಯಾಕ್ ಸೈಕ್ಲಿಂಗ್ ಪರಿಣತೆಯಾಗಿ ಕಾಣಿಸಿಕೊಂಡರು. ನಾನು ಕೇಳಿದ ಪ್ರಶ್ನೆಗೆ ಅದೇ ಉತ್ತರ ಅನ್ನಬಹುದೇನೋ. ಟೋಕಿಯೊಗೆ ಅವರು ಇದ್ದರು, ಸವಾರರಾಗಿ ಅಲ್ಲ.

ಅದಕ್ಕೂ ಮೊದಲು, 2020ರ ಫೆಬ್ರವರಿ ಕೊನೆಗೆ, ಬರ್ಲಿನ್‌ನಲ್ಲಿ ವಿಶ್ವ ಚಾಂಪಿಯನ್‌ಶಿಪ್ ನಡೆಯಿತು. 22 ವರ್ಷದ ಎಮ್ಮಾ ಹಿಂಟ್ಸೆ ಮೂರು ಚಿನ್ನ ಗೆದ್ದರು. ಟೀಮ್ ಸ್ಪ್ರಿಂಟ್, ಸ್ಪ್ರಿಂಟ್, ಮತ್ತೆ ಮೋಟಾರ್ ಗಾಡಿಯ ಹಿಂದೆ ಶುರುವಾಗುವ ಕೀರಿನ್, ಮೂರೂ ಕ್ರಿಸ್ಟಿನಾ ಅವರ ಸ್ಪರ್ಧೆಗಳೇ. ಅಪಘಾತವಾಗಿ ಇಪ್ಪತ್ತು ತಿಂಗಳಾಗಿತ್ತು. ಆ ರೇಸುಗಳನ್ನು ನೋಡುತ್ತಾ ನಾನು ಮನೆಯಲ್ಲಿ ಕುರ್ಚಿಯಿಂದ ಎದ್ದು ಚಪ್ಪಾಳೆ ಹೊಡೆದೆ. ಆಮೇಲೆ ಮೊಬೈಲ್ ತೆಗೆದು ಹಿಂಟ್ಸೆಗೆ ಎಷ್ಟು ವಯಸ್ಸು, ಇನ್ನೆಷ್ಟು ಒಲಿಂಪಿಕ್ಸ್ ಆಡಬಹುದು, 11 ದಾಟಲು ಎಷ್ಟು ಬೇಕು ಅಂತ ಲೆಕ್ಕ ಹಾಕಲು ಕೂತೆ.